ಒಂದೂವರೆ ಲಕ್ಷದ ಗಾಡಿ

ನಮ್ಮ ತುಮಕೂರು ಕಡೆ ಒಂದೂವರೆ ಲಕ್ಷದ ಆಸುಪಾಸಲ್ಲಿ ಕಾರು ಹುಡುಕ್ಕೊಂಡು ಬರೋರು ಯಾರು ಗೊತ್ತಾ? ಮಕ್ಕಳು ದೊಡ್ಡೋರಾಗಿ ಬೈಕಲ್ಲಿ ನಾಲ್ಕು ಜನ ಹೋಗೋಕೆ ಆಗದೇ ಇರೋ ಟೈಲರ್ ಅಣ್ಣ, ಅಪ್ಪನ್ನ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರ್ಕೊಂಡು ಬರ್ಬೇಕಾದ ಮಗ, ಹಳ್ಳಿ ಹಳ್ಳಿ ತಿರುಗಿ ಸೀರೆ ಮಾರೋ ಅಕ್ಕ, ಬೆಳಗಿನ ಜಾವ ಮಾರ್ಕೆಟ್ಟಿಗೆ ಹೂವು ತರೋರು. ಇವರಿಗೆ ಹನ್ನೆರಡು ಹದಿಮೂರು ವರ್ಷದ ಗಾಡಿಗೆ ಯಾವ ಬ್ಯಾಂಕೂ ಸುಲಭಕ್ಕೆ ಲೋನ್ ಕೊಡಲ್ಲ, ಹಾಗಾಗಿ ದುಡ್ಡು ಬರೋದು ಚೀಟಿ ಎತ್ತಿ, ಒಡವೆ ಅಡ ಇಟ್ಟು, ಸಂಘದಲ್ಲಿ ಸಾಲ ತಗೊಂಡು, ತಿಪಟೂರು ಕಡೆಯೋರಾದ್ರೆ ಕೊಬ್ಬರಿಗೆ ಒಳ್ಳೆ ರೇಟ್ ಬಂದ ವರ್ಷ ಮನೆಯೋರೆಲ್ಲ ಕೂತು ಮಾತಾಡಿ. ಇಪ್ಪತ್ತು ಲಕ್ಷದ ಗಾಡಿ ತಗೊಂಡೋರಿಗೆ ವಾರಂಟಿ ಇರುತ್ತೆ, ಸರ್ವಿಸ್ ಸೆಂಟರ್ ಇರುತ್ತೆ, ಕೈ ಕೊಟ್ರೆ ಇನ್ನೊಂದು ಗಾಡಿನೂ ಮನೇಲಿ ನಿಂತಿರುತ್ತೆ. ಇವರಿಗೆ ಇರೋದು ಇದೊಂದೇ. ತಗೊಂಡ ತಿಂಗಳಲ್ಲೇ ಎಂಜಿನ್ ಕೆಲಸ ಬಂತು ಅಂದ್ರೆ ಅಡ ಇಟ್ಟ ಸರ ವಾಪಸ್ ಬರಲ್ಲ ಅಷ್ಟೇ.

ನಾನು ವಸಂತನರಸಾಪುರದ ಒಂದು ಕಂಪನಿಯಲ್ಲಿ ಸ್ಟೋರ್ಸ್ ನೋಡ್ಕೋತೀನಿ. ಹಳೇ ಗಾಡಿ ಕೊಂಡು ಮಾರೋ ವ್ಯಾಪಾರ ಸಂಜೆ ಮತ್ತೆ ಭಾನುವಾರದ್ದು. ಸೈಡಲ್ಲಿ ಇದನ್ನ ಶುರು ಮಾಡ್ಬೇಕು ಅಂತ ಸುಮಾರು ಜನ ನನ್ನ ಹತ್ರ ಕೇಳ್ತಾರೆ, ಅದ್ರಲ್ಲೂ ಮೊಬೈಲಲ್ಲಿ ವಿಡಿಯೋ ನೋಡಿ "ತಿಂಗಳಿಗೆ ನಾಲ್ಕು ಗಾಡಿ ಹೊಡುದ್ರೆ ಸಂಬಳ ಬೇಡ" ಅಂದ್ಕೊಂಡಿರೋ ಹುಡುಗ್ರು. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳೋದನ್ನೇ ಇಲ್ಲಿ ಒಟ್ಟಿಗೆ ಬರೀತಿದೀನಿ. ಸರ್ಕಾರಿ ಕೆಲಸದಲ್ಲಿರೋರು ಮಾತ್ರ ಮೊದ್ಲು ನಡತೆ ನಿಯಮ ಓದ್ಕೊಳಿ, ಅನುಮತಿ ಇಲ್ದೆ ವ್ಯಾಪಾರ ಮಾಡೋ ಹಾಗಿಲ್ಲ ನೀವು. ಹೆಂಡತಿ ಹೆಸರಲ್ಲಿ ಮಾಡ್ತೀನಿ ಅಂತ ಹೊರಡೋದೂ ಬೇಡ.

ಕಮ್ಮಿ ಬೆಲೆ ಗಾಡಿನೇ ಯಾಕೆ ಅಂದ್ರೆ ಒಂದು ಕಾರಣ ಬಂಡವಾಳ. ಐದಾರು ಲಕ್ಷದ ಗಾಡಿ ಕೊಂಡು ಅದು ಎರಡು ತಿಂಗಳು ನಿಂತ್ರೆ ಸಂಬಳದೋರು ತಡ್ಕೊಳಲ್ಲ. ಇನ್ನೊಂದು, ನಾಲ್ಕೈದು ವರ್ಷದ ಗಾಡಿಗಳನ್ನ ದೊಡ್ಡ ಶೋರೂಮ್‌ನೋರು, ಆಪ್‌ನೋರು ಮನೆ ಬಾಗಿಲಿಗೇ ಬಂದು ಎತ್ಕೊಂಡು ಹೋಗ್ತಾರೆ, ನಮಗೆ ಸಿಗಲ್ಲ. ಹತ್ತು ವರ್ಷ ದಾಟಿದ ಆಲ್ಟೋ, ವ್ಯಾಗನ್‌ಆರ್, ಸ್ಯಾಂಟ್ರೋ, ಐ10 ಇವುಗಳನ್ನ ಅವರು ಅಷ್ಟಾಗಿ ಮುಟ್ಟಲ್ಲ. ಇವು ಇರೋದು ಬ್ರೋಕರ್‌ಗಳ ಕೈಯಲ್ಲಿ, ಗ್ಯಾರೇಜ್ ಮುಂದೆ, ಇಲ್ಲಾ ಯಾರದೋ ಮನೆ ಹಿಂದಿನ ಶೆಡ್ಡಲ್ಲಿ. ಮೂರನೇ ಕಾರಣ ಏನಪ್ಪಾ ಅಂದ್ರೆ ಇವುಗಳಿಗೆ ಪಾರ್ಟ್ಸ್ ಎಲ್ಲಾ ಕಡೆ ಸಿಗುತ್ತೆ, ಶಿರಾದಲ್ಲೂ ಸಿಗುತ್ತೆ, ಪಾವಗಡದಲ್ಲೂ ಸಿಗುತ್ತೆ, ರಿಪೇರಿ ಗೊತ್ತಿರೋ ಹುಡುಗ ಪ್ರತಿ ಊರಲ್ಲೂ ಒಬ್ಬ ಇದಾನೆ. ಕಮ್ಮಿಗೆ ಸಿಗ್ತಿದೆ ಅಂತ ಹಳೇ ದೊಡ್ಡ ಸೆಡಾನ್ ತಗೊಂಡ್ರೆ ಒಂದು ಹೆಡ್‌ಲೈಟ್‌ಗೆ ಬೆಂಗಳೂರಿನ ಜೆಸಿ ರೋಡೆಲ್ಲಾ ಅಲೀಬೇಕು.

ಈಗ ಪೇಪರ್ ವಿಷ್ಯ. ಎಲ್ಲರೂ ಗಾಡಿ ನೋಡೋಕೆ ಹೋಗ್ತಾರೆ, ನಾನು ಮೊದ್ಲು ಆರ್‌ಸಿ ಫೋಟೋ ಕಳ್ಸಿ ಅಂತೀನಿ. ಎಂಪರಿವಾಹನ್ ಆಪಲ್ಲಿ ನಂಬರ್ ಹಾಕಿದ್ರೆ ಎಷ್ಟನೇ ಓನರ್, ಇನ್ಶೂರೆನ್ಸ್ ಯಾವತ್ತಿಗೆ ಮುಗಿಯುತ್ತೆ, ಆರ್‌ಸಿ ವ್ಯಾಲಿಡಿಟಿ ಎಲ್ಲಿವರೆಗೆ, ಲೋನ್ ಇದ್ಯಾ ಅನ್ನೋದು ಎರಡು ನಿಮಿಷಕ್ಕೆ ಗೊತ್ತಾಗುತ್ತೆ. ಲೋನ್ ತೀರ್ಸಿ ಐದು ವರ್ಷ ಆಗಿದ್ರೂ ಆರ್‌ಸಿಯಲ್ಲಿ ಎಚ್‌ಪಿ, ಅಂದ್ರೆ ಗಾಡಿ ಫೈನಾನ್ಸ್‌ಗೆ ಅಡ ಇದೆ ಅನ್ನೋ ನಮೂದು, ಹಾಗೇ ಉಳ್ದಿರೋ ಗಾಡಿಗಳು ನಮ್ಮಲ್ಲಿ ಬೇಕಾದಷ್ಟಿವೆ, ಮಾಲೀಕರಿಗೆ "ಲೋನ್ ಕ್ಲೋಸ್ ಆಗಿದೆಯಲ್ಲ ಸಾರ್, ಇನ್ನೇನು" ಅನ್ನೋ ಧೈರ್ಯ. ಫೈನಾನ್ಸ್‌ನೋರ ಎನ್‌ಒಸಿ (ನಮ್ಮ ಅಭ್ಯಂತರ ಇಲ್ಲ ಅನ್ನೋ ಪತ್ರ) ಮತ್ತೆ ಫಾರ್ಮ್ 35 ಆರ್‌ಟಿಓಗೆ ಹೋಗಿ ಎಚ್‌ಪಿ ಕ್ಯಾನ್ಸಲ್ ಆಗೋ ತನಕ ಆ ಗಾಡಿ ಪೂರ್ತಿ ಅವರದ್ದಾಗಿರಲ್ಲ. ಕೆಲವು ಸಣ್ಣ ಫೈನಾನ್ಸ್‌ಗಳು ಮುಚ್ಚೇ ಹೋಗಿರ್ತವೆ, ಆಗ ಎನ್‌ಒಸಿ ತರೋದು ದೊಡ್ಡ ತಲೆನೋವು, ಅಂಥ ಗಾಡಿ ಎಷ್ಟು ಕಮ್ಮಿಗೆ ಬಂದ್ರೂ ನಾನು ಕೈ ಹಾಕಲ್ಲ.

ಟ್ರಾಫಿಕ್ ಫೈನ್ ಕೂಡ ಹಾಗೇ. ಬೆಂಗಳೂರಲ್ಲಿ ಓಡಿದ ಗಾಡಿ ಅಂದ್ರೆ ಚಲನ್ ನೋಡ್ಲೇಬೇಕು. 2023ರ ಫೆಬ್ರವರಿಯಲ್ಲಿ ಸರ್ಕಾರ ಅರ್ಧ ರಿಯಾಯ್ತಿ ಕೊಟ್ಟಾಗ ಕಟ್ಟೋಕೆ ಜನ ಸಾಲುಗಟ್ಟಿ ನಿಂತಿದ್ದು ನೆನಪಿರ್ಬೇಕು, ಅದಾದ್ಮೇಲೂ ರಿಯಾಯ್ತಿ ಬಂತು, ಆದ್ರೂ ಕಟ್ಟದೇ ಇರೋರು ಕಟ್ಟಿಲ್ಲ. ಈ ಬಾಕಿ ಎಲ್ಲ ಹೊಸ ಮಾಲೀಕನ ತಲೆಗೆ ಬರಬಾರ್ದು, ವ್ಯಾಪಾರ ಕುದುರೋ ಮುಂಚೆನೇ ಯಾರು ಕಟ್ಟೋದು ಅಂತ ಮಾತಾಗ್ಬೇಕು.

ಆರ್‌ಸಿ ವ್ಯಾಲಿಡಿಟಿ ಬಗ್ಗೆ ಇನ್ನೂ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಕಮ್ಮಿ ಬೆಲೆ ಗಾಡಿಯಲ್ಲಿ ಜನ ಮೋಸ ಹೋಗೋದು ಜಾಸ್ತಿ ಇಲ್ಲೇ. ಸ್ವಂತ ಬಳಕೆ ಕಾರಿನ ನೋಂದಣಿ 15 ವರ್ಷಕ್ಕೆ. ಅದಾದ್ಮೇಲೆ ಎಫ್‌ಸಿ, ಅಂದ್ರೆ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡ್ಸಿ ಮತ್ತೆ ಐದೈದು ವರ್ಷಕ್ಕೆ ರಿನ್ಯೂ ಮಾಡಿಸ್ಬೇಕು. ಈ ರಿನ್ಯೂವಲ್ ಫೀಸ್ ಮುಂಚೆ 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ 5,000 ಆಯ್ತು, 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದ್ರು. ಇದ್ರ ಜೊತೆಗೆ ಗ್ರೀನ್ ಟ್ಯಾಕ್ಸ್, ಎಫ್‌ಸಿಗೆ ಗಾಡಿ ತೋರ್ಸೋಕೆ ಮಾಡಿಸ್ಬೇಕಾದ ಟಿಂಕರಿಂಗು, ಲೈಟು, ಟೈರು. ಲಕ್ಷಕ್ಕೆ ಸಿಕ್ತು ಅಂತ ಖುಷಿಯಲ್ಲಿ ತಗೊಂಡೋನಿಗೆ ಏಳೆಂಟು ತಿಂಗಳಿಗೆ ಹದಿನೈದು ಇಪ್ಪತ್ತು ಸಾವಿರ ಎದುರಾಗುತ್ತೆ. ಮಾರೋನಿಗೆ ಇದು ಗೊತ್ತಿರುತ್ತೆ, ಗೊತ್ತಿದ್ದೇ ಮಾರ್ತಿರ್ತಾನೆ. ನಾನು ಮಾತಿನ ಶುರುನಲ್ಲೇ ಆರ್‌ಸಿ ಮುಗಿಯೋ ತಾರೀಖು ಹೇಳ್ಬಿಡ್ತೀನಿ, ಬೇಡ ಅನ್ನೋರು ಅಲ್ಲೇ ಬೇಡ ಅನ್ಲಿ.

ಡೆಲ್ಲಿ ಗಾಡಿಗಳ ಆಸೆ ಕೂಡ ಬಹಳ ಜನಕ್ಕಿದೆ. ಅಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿ, ಸುಪ್ರೀಂ ಕೋರ್ಟ್ ಆದೇಶಗಳಿಂದ ನಿರ್ಬಂಧ ಬಂದ್ಮೇಲೆ ಸುಮಾರು ಡೀಸೆಲ್ ಗಾಡಿಗಳು ಅಲ್ಲಿನ ಆರ್‌ಟಿಓ ಎನ್‌ಒಸಿ ತಗೊಂಡು ದಕ್ಷಿಣಕ್ಕೆ ಬಂದ್ವು. ಬೆಲೆ ಕೇಳಿದ್ರೆ ಬಾಯಲ್ಲಿ ನೀರೂರುತ್ತೆ. ಆದ್ರೆ ಕರ್ನಾಟಕದಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಿ ಕೆಎ ನಂಬರ್ ತಗೋಬೇಕು, ನಮ್ಮ ಲೈಫ್ ಟ್ಯಾಕ್ಸ್ ಅಂತೂ ದೇಶದಲ್ಲೇ ಜಾಸ್ತಿ ಇರೋ ಕಡೆಗಳಲ್ಲಿ ಒಂದು, ಅದಕ್ಕೆ ಓಡಾಟ, ಎನ್‌ಒಸಿ, ಪೊಲೀಸ್ ಕ್ಲಿಯರೆನ್ಸ್ ಎಲ್ಲಾ ಸೇರಿಸಿ ಲೆಕ್ಕ ಹಾಕಿದ್ರೆ ಇಲ್ಲಿದ್ದ ಗಾಡಿಗೂ ಅದಕ್ಕೂ ಅಂಥ ವ್ಯತ್ಯಾಸನೇ ಉಳಿಯಲ್ಲ. ಕೆಲಸದ ಜೊತೆ ಇದನ್ನ ಮಾಡೋರಿಗೆ ಇದು ಸಲ್ಲ.

ಗಾಡಿ ನೋಡೋದಕ್ಕೆ ನಾನು ಹೋಗೋದು ಬೆಳಗ್ಗೆ, ಅದೂ ಸ್ಟಾರ್ಟ್ ಮಾಡ್ದೇ ಇಡಿ ಅಂತ ಹೇಳಿ. ಬಿಸಿ ಎಂಜಿನ್ ಎಲ್ಲಾನೂ ಮುಚ್ಚಿಡುತ್ತೆ, ತಣ್ಣಗಿರೋವಾಗ ಮೊದಲ ಸೆಲ್ಫ್ ಸ್ಟಾರ್ಟ್‌ಗೇ ಎದ್ದೇಳುತ್ತಾ, ಎದ್ದ ತಕ್ಷಣ ಹೊಗೆ ಯಾವ ಬಣ್ಣ ಅನ್ನೋದು ಮುಖ್ಯ. ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ. ಬಿಳಿ ಹೊಗೆ ನಿಲ್ದೇ ಬರ್ತಾ ಇದ್ರೆ, ಕೂಲೆಂಟ್ ಕಮ್ಮಿ ಆಗ್ತಾ ಇದ್ರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಆಯಿಲ್ ಕ್ಯಾಪ್ ತೆಗೆದು ನೋಡಿದಾಗ ಬುಸುಬುಸು ಅಂತ ಹೊಗೆ ಒದ್ದುಕೊಂಡು ಬಂದ್ರೆ ಬ್ಯಾಕ್ ಕಂಪ್ರೆಷನ್ ಅಂತೀವಿ, ಅಲ್ಲಿಗೆ ಎಂಜಿನ್ ಕೆಲಸ ಹತ್ರ ಇದೆ ಅಂತಾನೇ. ಆಮೇಲೆ ಬಾನೆಟ್ ಒಳಗೆ ಏಪ್ರನ್ (ಎಂಜಿನ್ ಪಕ್ಕದ ತಗಡು), ಲೈಟ್ ಹಿಂದಿನ ಪಟ್ಟಿ ನೋಡ್ಬೇಕು, ಬೋಲ್ಟ್‌ಗಳ ತಲೆ ಮೇಲೆ ಸ್ಪ್ಯಾನರ್ ಆಡಿದ ಗುರುತಿದ್ರೆ ಬಿಚ್ಚಿ ಜೋಡ್ಸಿದಾರೆ ಅಂತ. ಬಾಗಿಲ ರಬ್ಬರ್ ಎಳೆದು ಪಿಲ್ಲರ್ ನೋಡ್ಬೇಕು, ಕಂಪನಿ ವೆಲ್ಡಿಂಗ್ ಚುಕ್ಕೆ ಒಂದೇ ಅಂತರದಲ್ಲಿ ಸಾಲಾಗಿರುತ್ತೆ, ಗ್ಯಾರೇಜ್ ವೆಲ್ಡಿಂಗ್ ಹಾಗಿರಲ್ಲ. ಬಂಪರ್, ಫೆಂಡರ್ ಬಣ್ಣ ಹೊಡೆದಿದ್ರೆ ನಾನು ತಲೆ ಕೆಡಿಸ್ಕೊಳಲ್ಲ, ನಮ್ಮೂರ ಸಂದಿಗಳಲ್ಲಿ ಓಡಾಡಿದ ಗಾಡಿಗೆ ಅದು ಆಗೋದೇ. ಪಿಲ್ಲರ್, ಚಾಸಿಗೆ ಏಟು ಬಿದ್ದಿದ್ರೆ ಮಾತ್ರ ಮಾತೇ ಇಲ್ಲ, ವಾಪಸ್.

ಮೀಟರನ್ನ ನಾನು ಲೆಕ್ಕಕ್ಕೇ ತಗೊಳಲ್ಲ. 2011ರ ಆಲ್ಟೋ 46,000 ಕಿಲೋಮೀಟರ್ ತೋರಿಸ್ತಾ ಇರುತ್ತೆ, ಕ್ಲಚ್ ಪೆಡಲ್ ರಬ್ಬರ್ ಮಾತ್ರ ನುಣ್ಣಗೆ ಸವೆದು ಕಬ್ಬಿಣ ಕಾಣ್ತಿರುತ್ತೆ, ಡ್ರೈವರ್ ಸೀಟ್ ಕುಗ್ಗಿರುತ್ತೆ. ಟೈರಿನ ಪಕ್ಕ ನಾಲ್ಕು ಅಂಕಿ ಒತ್ತಿರ್ತಾರೆ, ಮೊದಲೆರಡು ವಾರ, ಕೊನೆಯೆರಡು ವರ್ಷ, 2319 ಅಂದ್ರೆ 2019ರ 23ನೇ ವಾರ. ಒಂದೊಂದ್ಸಲ ಅದೇ ಎಲ್ಲಾ ಹೇಳ್ಬಿಡುತ್ತೆ, 46,000ಕ್ಕೆ ಇದು ಮೂರನೇ ಸೆಟ್ ಟೈರ್ ಆಗಿದ್ರೆ ಏನರ್ಥ ಮತ್ತೆ? ಗಾಜಿನ ಮೇಲೂ ತಯಾರಾದ ವರ್ಷದ ಗುರುತಿರುತ್ತೆ, ಎಲ್ಲಾ ಗಾಜು ಒಂದು ವರ್ಷದ್ದು, ಬಲಗಡೆ ಹಿಂದಿನದೊಂದು ಮಾತ್ರ ಬೇರೆ ಅಂದ್ರೆ ಆ ಕಡೆ ಬಾಗಿಲನ್ನ ಇನ್ನೊಂದ್ಸಲ ನೋಡಿ. 2013ರಿಂದೀಚೆಗಿನ ಗಾಡಿ ಆದ್ರೆ ಎಂಜಿನ್ ಕಂಪ್ಯೂಟರ್‌ನಲ್ಲಿರೋ ದೋಷ ಓದೋ ಒಂದು ಸಣ್ಣ ಓಬಿಡಿ ಸ್ಕ್ಯಾನರ್ ಚುಚ್ಚಿ ನೋಡ್ತೀನಿ, ಚೆಕ್ ಎಂಜಿನ್ ಲೈಟ್‌ನ ಬಲ್ಬೇ ಕಿತ್ತು ಮಾರೋರೂ ಇದಾರೆ.

ನೀರಲ್ಲಿ ಮುಳುಗಿದ ಗಾಡಿ ಇನ್ನೊಂದು ಕಥೆ. 2022ರ ಮಳೆಗಾಲದಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ, ಔಟರ್ ರಿಂಗ್ ರೋಡ್ ಕಡೆ ಬೇಸ್‌ಮೆಂಟಲ್ಲಿ ನಿಂತಿದ್ದ ಗಾಡಿಗಳೆಲ್ಲ ಮುಳುಗಿದ್ವಲ್ಲ, ಅಂಥವು ತೊಳೆಸ್ಕೊಂಡು ಸೀಟ್ ಕವರ್ ಬದಲಾಯಿಸ್ಕೊಂಡು ಬೇರೆ ಜಿಲ್ಲೆಗಳಿಗೆ ಬಂದ್ರೆ ಕಣ್ಣಿಗೆ ಗೊತ್ತಾಗಲ್ಲ. ಸೀಟ್ ಬೆಲ್ಟ್‌ನ ಕೊನೆ ತನಕ ಎಳೀರಿ, ಕೊನೆಯ ಅರ್ಧ ಅಡಿ ಯಾರೂ ತೊಳೆದಿರಲ್ಲ, ಕೆಸರಿನ ಗೆರೆ ಅಲ್ಲೇ ಇರುತ್ತೆ. ಸ್ಟೆಪ್ನಿ ಇಡೋ ಗುಂಡಿ, ಸೀಟ್ ಕೆಳಗಿನ ರೈಲು, ಕಾರ್ಪೆಟ್ ಎತ್ತಿದ್ರೆ ಬರೋ ವಾಸನೆ. ಎಸಿ ಹಾಕಿ ಕಿಟಕಿ ಏರಿಸ್ಕೊಂಡು ಐದು ನಿಮಿಷ ಸುಮ್ನೆ ಕೂತ್ರೂ ಸಾಕು, ಮೂಗಿಗೆ ತಿಳಿಯುತ್ತೆ. ಕೆಎ 19, ಕೆಎ 20 ಅಂದ್ರೆ ಮಂಗಳೂರು, ಉಡುಪಿ ಗಾಡಿಗಳು ಒಳಗೆ ಬಹಳ ಚೆನ್ನಾಗಿಟ್ಟಿರ್ತಾರೆ, ಸರ್ವಿಸ್ ಬುಕ್ಕೆಲ್ಲ ನೀಟಾಗಿರುತ್ತೆ, ಆದ್ರೆ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿ, ಉಪ್ಪುಗಾಳಿಗೆ ಮಳೆಗೆ ತಳ ತುಕ್ಕು ಹಿಡಿದಿರೋದು ಮಾಮೂಲಿ. ನಮ್ಮ ಬಯಲುಸೀಮೆ ಗಾಡಿಗೆ ತುಕ್ಕು ಕಮ್ಮಿ, ಧೂಳು ಮತ್ತೆ ಸಸ್ಪೆನ್ಷನ್ ಕೆಲಸ ಜಾಸ್ತಿ.

ಓಡಿಸಿ ನೋಡೋಕೆ ನಮಗೆ ದೇವರಾಯನದುರ್ಗ ಇದೆ, ಇದೊಂದು ನಮ್ಮೂರಿನೋರ ಪುಣ್ಯ. ನಾಮದ ಚಿಲುಮೆ ದಾಟಿ ಬೆಟ್ಟ ಹತ್ತೋ ತಿರುವುಗಳಲ್ಲಿ ಸೆಕೆಂಡ್ ಗೇರಲ್ಲಿ ಏರಿಸಿದ್ರೆ ಕ್ಲಚ್ ಪ್ಲೇಟಿನ ಹಣೆಬರಹ ಗೊತ್ತಾಗುತ್ತೆ, ಎಂಜಿನ್ ಸೌಂಡ್ ಏರ್ತಾ ಹೋಗಿ ಗಾಡಿ ಮಾತ್ರ ಏರ್ದೇ ಇದ್ರೆ ಕ್ಲಚ್ ಮುಗೀತು ಅಂತ. ಮೇಲೆ ಹೋಗೋಷ್ಟರಲ್ಲಿ ಟೆಂಪರೇಚರ್ ಮುಳ್ಳು ನೋಡ್ಬೇಕು, ಇಳಿಯೋವಾಗ ಬ್ರೇಕ್. ಮಾರೋರು ಸಾಮಾನ್ಯವಾಗಿ ಬಿ.ಎಚ್. ರಸ್ತೆಯಲ್ಲಿ ಒಂದು ರೌಂಡ್ ಹಾಕ್ಸಿ ಸಾಕು ಅಂತಾರೆ, ಸಪಾಟು ರಸ್ತೆಯಲ್ಲಿ ಎಲ್ಲಾ ಗಾಡಿನೂ ಚೆನ್ನಾಗೇ ಓಡುತ್ತೆ.

ನನ್ನ ಜೊತೆ ಯಾವಾಗ್ಲೂ ಒಬ್ಬ ಮೆಕ್ಯಾನಿಕ್ ಭಾಯ್ ಬರ್ತಾರೆ, ಮೂವತ್ತು ವರ್ಷದಿಂದ ಗ್ಯಾರೇಜ್ ಇಟ್ಟಿರೋರು. ಗಾಡಿ ವ್ಯಾಪಾರ ಆಗ್ಲಿ ಬಿಡ್ಲಿ ಅವರಿಗೆ ಬಂದಿದ್ದಕ್ಕೆ ದುಡ್ಡು ಕೊಡ್ತೀನಿ, ಇದು ಬಹಳ ಮುಖ್ಯ. ವ್ಯಾಪಾರ ಆದ್ರೆ ಮಾತ್ರ ಕಮಿಷನ್ ಅಂದ್ರೆ ಯಾವ ಗಾಡಿನೂ ಚೆನ್ನಾಗೇ ಕಾಣುತ್ತೆ. ಅವರು ಕಿವಿಗೊಟ್ಟು ಕೇಳೋದನ್ನ ನೋಡ್ಬೇಕು ನೀವು, ಟ್ಯಾಪೆಟ್ ಸೌಂಡಿಗೂ ಬೇರಿಂಗ್ ಸೌಂಡಿಗೂ ಅವರಿಗೆ ಕಣ್ಣು ಮುಚ್ಚಿದ್ರೂ ವ್ಯತ್ಯಾಸ ಗೊತ್ತಾಗುತ್ತೆ. 796 ಸಿಸಿ ಆಲ್ಟೋ, ಹಳೇ ಸ್ಯಾಂಟ್ರೋ ಇವುಗಳಲ್ಲಿ ಇರೋದು ಟೈಮಿಂಗ್ ಬೆಲ್ಟ್, ಯಾವಾಗ ಬದಲಾಯ್ಸಿದ್ದು ಅಂತ ಬಿಲ್ ಇಲ್ದೇ ಇದ್ರೆ ಬದಲಾಯಿಸಿಯೇ ಮಾರ್ಬೇಕು ಅನ್ನೋದು ಅವರ ಹಠ. "ಬೆಲ್ಟ್ ಕಟ್ಟಾಗೋದು ರಾತ್ರಿ ರೋಡಲ್ಲಿ ಸಾರ್, ಹೆಂಗಸ್ರು ಮಕ್ಕಳು ಒಳಗಿರ್ತಾರೆ, ಎರಡೂವರೆ ಸಾವಿರಕ್ಕೆ ಯಾಕೆ ಆ ಪಾಪ" ಅಂತಾರೆ. ನಾನು ಒಂದ್ಸಲಾನೂ ಈ ಮಾತಿಗೆ ಎದುರಾಡಿಲ್ಲ.

ಕೊಳ್ಳೋಕೆ ಹೋದ ಮನೆಗಳಲ್ಲಿ ನೆನಪಲ್ಲಿ ಉಳಿದಿರೋದು ಗುಬ್ಬಿ ಹತ್ರದ ಒಂದು ಮನೆ. ತೀರಿಕೊಂಡ ಯಜಮಾನರ ಮಾರುತಿ 800, 2008ರದ್ದು, ಶೆಡ್ಡಲ್ಲಿ ಬಟ್ಟೆ ಹೊದಿಸಿ ಇಟ್ಟಿದ್ರು. 1983ರ ಡಿಸೆಂಬರ್‌ನಲ್ಲಿ ಬಂದು 2014ರ ತನಕ ತಯಾರಾದ ಗಾಡಿ ಅದು, ನಮ್ಮ ಅಪ್ಪಂದಿರ ಕಾಲದಲ್ಲಿ ಮನೆಗೆ ಕಾರು ಬಂತು ಅಂದ್ರೆ ಅದೇ ಬಂತು ಅಂತ. ಮಗ ಬೆಂಗಳೂರಲ್ಲಿ, ಅವರಿಗೆ ಬೇಗ ಕೊಟ್ಟು ಮುಗಿಸೋ ಆತುರ, ಆರ್‌ಸಿ ಇನ್ನೂ ಅಪ್ಪನ ಹೆಸರಲ್ಲೇ. ಬ್ರೋಕರ್ ಒಬ್ಬ ಆಗ್ಲೇ ಬಂದು "ಸೈನ್ ನಾವೇ ಹಾಕ್ಕೋತೀವಿ, ನೀವು ಆರ್‌ಸಿ ಕೊಡಿ ಸಾಕು" ಅಂದು ಹೋಗಿದ್ದ. ನಾನು ಆ ತಾಯಿಗೆ ಕೂತು ಹೇಳಿದೆ, ಅಮ್ಮ, ಯಜಮಾನ್ರ ಮರಣ ಪತ್ರ, ವಾರಸುದಾರರ ಪತ್ರ ಇಟ್ಟು ಫಾರ್ಮ್ 31ರಲ್ಲಿ ಮೊದ್ಲು ನಿಮ್ಮ ಹೆಸರಿಗೆ ಮಾಡಿಸ್ಕೊಳಿ, ಮಕ್ಕಳೆಲ್ಲರ ಒಪ್ಪಿಗೆ ಇರ್ಲಿ, ಆಮೇಲೆ ಮಾರಿ, ನನಗೇ ಮಾರ್ಬೇಕು ಅಂತೇನಿಲ್ಲ ಅಂತ. ಸತ್ತೋರ ಸೈನ್ ಹಾಕಿದ ಗಾಡಿ ಯಾವನೋ ಕೈಯಲ್ಲಿ ಏನಾದ್ರೂ ಮಾಡ್ಕೊಂಡ್ರೆ ಪೊಲೀಸ್ ಬರೋದು ಈ ಮನೆಗೆ. ಹೆಸರು ಆಗೋಕೆ ಟೈಮ್ ಹಿಡೀತು, ಆದ್ರೆ ಅವರು ಬೇರೆ ಯಾರಿಗೂ ಕೊಡ್ಲಿಲ್ಲ, ಫೋನ್ ಮಾಡಿ "ಬಾಪ್ಪಾ, ಪೇಪರ್ ಬಂತು" ಅಂದ್ರು. ತಗೊಂಡು ಹೊರಡೋವಾಗ ಅರಿಶಿನ ಕುಂಕುಮ ಹಚ್ಚಿ, "ಚೆನ್ನಾಗಿ ನೋಡ್ಕೊಳೋರಿಗೆ ಕೊಡಪ್ಪ" ಅಂದ್ರು. ಅದನ್ನ ಡ್ರೈವಿಂಗ್ ಕಲೀತಿದ್ದ ಒಬ್ಬ ನರ್ಸಮ್ಮನಿಗೆ ಕೊಟ್ಟಿದೀನಿ, ಈಗ್ಲೂ ಓಡ್ತಿದೆ.

ಟ್ರಾನ್ಸ್‌ಫರ್ ಬಗ್ಗೆ ನಾನು ಇಷ್ಟು ಗಟ್ಟಿಯಾಗಿ ಮಾತಾಡೋದಕ್ಕೆ ಕಾರಣ ಇದೆ. ನಮ್ಮಲ್ಲಿ ಹಳೇ ಪದ್ಧತಿ ಏನಂದ್ರೆ ಮಾಲೀಕರ ಹೆಸರು ಬದಲಾಯ್ಸೋ ಫಾರ್ಮ್ 29, 30ಕ್ಕೆ ಖಾಲಿ ಸೈನ್ ಹಾಕಿಸ್ಕೊಂಡು, ಬಿಳಿ ಹಾಳೆ ಮೇಲೆ ಡೆಲಿವರಿ ನೋಟ್ ಬರ್ಕೊಂಡು ಗಾಡಿ ಎತ್ಕೊಂಡು ಹೋಗೋದು, ಹಾಗೇ ಕೈಯಿಂದ ಕೈಗೆ ಮೂರ್ನಾಲ್ಕು ಜನ ದಾಟಿರುತ್ತೆ, ಆರ್‌ಸಿಯಲ್ಲಿ ಮಾತ್ರ ಮೊದಲನೆಯೋನ ಹೆಸರೇ. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ, ಗಾಡಿ ಮಾರಿ ಎಷ್ಟು ಕೈ ದಾಟಿದ್ರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಆಕ್ಸಿಡೆಂಟ್ ಪರಿಹಾರದ ಹೊಣೆ ಅವರದ್ದೇ. ಅಂದ್ರೆ ಡೆಲಿವರಿ ನೋಟ್ ತೋರ್ಸಿ ಕೈ ತೊಳ್ಕೊಳೋಕೆ ಆಗಲ್ಲ. ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು ಒಬ್ಬರು ಮಾರಿ ಎರಡು ವರ್ಷದ ಮೇಲೆ ಕೋರ್ಟ್ ನೋಟಿಸ್ ಹಿಡ್ಕೊಂಡು ಓಡಾಡಿದ್ದನ್ನ ನಾನೇ ನೋಡಿದೀನಿ, ಆ ವಯಸ್ಸಲ್ಲಿ ಯಾರಿಗೂ ಅದು ಬೇಡ. ಹಾಗಾಗಿ ನನ್ನ ಹತ್ರ ಹೆಸರು ಬದಲಾಗೋ ಅರ್ಜಿ ಹೋಗದೇ, ಓಟಿಪಿ ಎರಡೂ ಕಡೆ ಆಗದೇ ಬೀಗದ ಕೈ ಹೋಗಲ್ಲ. ಅರ್ಜೆಂಟ್ ಇದೆ ಅಣ್ಣ ಅಂದ್ರೂ ಇಲ್ಲ.

ಇನ್ಶೂರೆನ್ಸ್ ಕೂಡ ಜೊತೆಗೇ ಬದಲಾಗ್ಬೇಕು. ಹಳೇ ಓನರ್‌ನ ನೋ ಕ್ಲೇಮ್ ಬೋನಸ್ ಗಾಡಿ ಜೊತೆ ಬರಲ್ಲ, ಅದು ಅವರದ್ದು, ತಗೊಂಡೋರಿಗೆ ಪ್ರೀಮಿಯಂ ಬೇರೆ ಆಗುತ್ತೆ ಅನ್ನೋದನ್ನ ಮೊದ್ಲೇ ಹೇಳ್ಬೇಕು. ಥರ್ಡ್ ಪಾರ್ಟಿ ಮಾತ್ರ ಅಂದ್ರೆ 1000 ಸಿಸಿ ಒಳಗೆ ವರ್ಷಕ್ಕೆ 2,094, ಅದ್ರ ಮೇಲೆ 1500 ಸಿಸಿವರೆಗೆ 3,416, ಜೊತೆಗೆ ಜಿಎಸ್‌ಟಿ, 2022ರಲ್ಲಿ ನಿಗದಿ ಆದ ರೇಟ್ ಇದು. ಹಳೇ ವ್ಯಾಗನ್‌ಆರ್ 1061 ಸಿಸಿ, ಸ್ಯಾಂಟ್ರೋ 1086 ಸಿಸಿ, ಹಾಗಾಗಿ ಸಣ್ಣ ಗಾಡಿ ಅಂದ್ಕೊಂಡ್ರೂ ಎರಡನೇ ರೇಟಿಗೆ ಬೀಳ್ತವೆ.

ನಾವು ಮಾಡೋದು ವ್ಯಾಪಾರ ಅಂತ ಆದ್ಮೇಲೆ ಅದಕ್ಕೂ ಕಾನೂನಿದೆ. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ಕೊಂಡು ಮಾರೋರು ಆರ್‌ಟಿಓದಲ್ಲಿ ಫಾರ್ಮ್ 29ಎ ಹಾಕಿ ಡೀಲರ್ ಅಂತ ಅಧಿಕೃತ ಮಾಡಿಸ್ಕೋಬೇಕು, ಅದು 5 ವರ್ಷಕ್ಕೆ ನಡೆಯುತ್ತೆ. ಗಾಡಿ ನಮ್ಮ ಕೈಗೆ ಬಂದಾಗ 29ಸಿಯಲ್ಲಿ ಮಾಹಿತಿ ಕೊಟ್ರೆ ಅಲ್ಲಿಂದ ಮುಂದೆ ಅದರ ಹೊಣೆ ಡೀಲರ್‌ದು, ಮಾರಿದೋರು ನಿಶ್ಚಿಂತೆ. ಎಚ್‌ಪಿ, ಎನ್‌ಒಸಿ, ಟ್ರಾನ್ಸ್‌ಫರ್ ಅರ್ಜಿ ನಾವೇ ಹಾಕ್ಬೋದು, ಆದ್ರೆ ಆ ಗಾಡಿನ ಟ್ರಯಲ್, ರಿಪೇರಿ ಥರದ ಕೆಲಸಕ್ಕೆ ಬಿಟ್ಟು ರೋಡಿಗೆ ತರೋ ಹಾಗಿಲ್ಲ, ಓಡಿಸಿದ್ದಕ್ಕೆ ರಿಜಿಸ್ಟರ್ ಇಡ್ಬೇಕು. ನಮ್ಮ ಕಡೆ ಬಹಳ ಬ್ರೋಕರ್‌ಗಳು ಇದನ್ನ ಮಾಡ್ಸೇ ಇಲ್ಲ, ಯಾರು ಕೇಳ್ತಾರೆ ಅಂತಾರೆ. ಮಾರೋ ಮನೆಯೋರ ದೃಷ್ಟಿಯಿಂದ ನೋಡಿದ್ರೆ ಇದಕ್ಕಿಂತ ಒಳ್ಳೆ ನಿಯಮ ಇಲ್ಲ, ನಾನು ಹೋದ ಕಡೆಯೆಲ್ಲ ಹೇಳೋದೂ ಅದನ್ನೇ. ಜಿಎಸ್‌ಟಿ ನೋಂದಣಿ ಇರೋರಿಗೆ 2025ರ ಜನವರಿಯಿಂದ ಎಲ್ಲಾ ಹಳೇ ಗಾಡಿಗೂ 18 ಪರ್ಸೆಂಟ್, ಅದೂ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರೋ ಅಂತರದ ಮೇಲೆ ಮಾತ್ರ, ಲಾಸ್ ಆದ್ರೆ ಇಲ್ಲ. ಲಾಭಾನ ಐಟಿ ರಿಟರ್ನಲ್ಲಿ ವ್ಯಾಪಾರದ ಆದಾಯ ಅಂತ ತೋರಿಸ್ಬೇಕು, ಸ್ವಂತ ಗಾಡಿ ಮಾರಿದ್ದು ಅಂತ ಬಿಡೋಕಾಗಲ್ಲ. 2 ಲಕ್ಷ ಅಥವಾ ಮೇಲೆ ಕ್ಯಾಶ್ ತಗೋಳೋ ಹಾಗೇ ಇಲ್ಲ. ನಾನು ಅದಕ್ಕಿಂತ ಕಮ್ಮಿಗೂ ಅಕೌಂಟಿಗೇ ಹಾಕಿ ಅಂತೀನಿ, ಎರಡೂ ಕಡೆ ಪುರಾವೆ ಇರುತ್ತೆ.

ಲಾಭ ಎಷ್ಟು ಅಂತ ಎಲ್ಲರೂ ಕೇಳ್ತೀರಿ, ಹೇಳ್ತೀನಿ. 2012ರ ಒಂದು ಆಲ್ಟೋ ಒಂದು ಲಕ್ಷ ಮೂವತ್ತು ಸಾವಿರಕ್ಕೆ ಬಂತು ಅಂದ್ಕೊಳಿ. ಎರಡು ಟೈರ್ 6,000, ಬ್ಯಾಟರಿ 4,000, ಕ್ಲಚ್ ಸೆಟ್ ಕೂಲಿ ಸೇರಿ 7,000, ಬೆಲ್ಟ್ 2,500, ತೊಳೆಸಿ ಪಾಲಿಷ್ 2,000, ಇನ್ಶೂರೆನ್ಸ್ ಸುಮಾರು 2,500, ಟ್ರಾನ್ಸ್‌ಫರ್, ಎಮಿಷನ್, ಪೆಟ್ರೋಲ್, ಭಾಯ್‌ಗೆ ಕೊಟ್ಟಿದ್ದು ಎಲ್ಲಾ ಸೇರಿದ್ರೆ ಇಪ್ಪತ್ತಾರು ಇಪ್ಪತ್ತೇಳು ಸಾವಿರ ಆಯ್ತು. ಒಂದು ಎಪ್ಪತ್ತಕ್ಕೆ ಹೋದ್ರೆ ಉಳಿಯೋದು ಹದಿಮೂರು ಸಾವಿರ ಚಿಲ್ಲರೆ. ಇದ್ರಲ್ಲಿ ನಮ್ಮ ಭಾನುವಾರಗಳ ಲೆಕ್ಕ ಇಲ್ಲ. ಬೆಲ್ಟು ಕ್ಲಚ್ಚು ಮುಟ್ಟದೇ ಮೇಲೆ ಮಾತ್ರ ಮಿಂಚಿಸಿ ಕೊಟ್ರೆ ಇನ್ನೊಂದು ಹತ್ತು ಸಾವಿರ ಉಳಿಯುತ್ತೆ, ಹಾಗೆ ಮಾಡೋರು ನಮ್ಮೂರಲ್ಲೇ ಇದಾರೆ, ಅವರ ಕೈಗೆ ಚೀಟಿ ದುಡ್ಡು ಕೊಟ್ಟೋರು ಆಮೇಲೆ ಭಾಯ್ ಗ್ಯಾರೇಜಿಗೆ ಬಂದು ಕೂತಿರ್ತಾರೆ. ಅವರ ಮುಖ ನೋಡಿದ್ರೆ ಆ ಹತ್ತು ಸಾವಿರ ಬೇಡ ಅನ್ಸುತ್ತೆ.

2025ರ ಸೆಪ್ಟೆಂಬರ್‌ನಲ್ಲಿ ಹೊಸ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದ್ಮೇಲೆ ಚೌಕಾಸಿನೂ ಜಾಸ್ತಿ ಆಯ್ತು, "ಹೊಸದೇ ಕಮ್ಮಿ ಆಗಿದೆಯಲ್ಲ ಅಣ್ಣ, ಹಳೇದಕ್ಯಾಕೆ ಇಷ್ಟು" ಅಂತಾರೆ, ಅವರು ಹೇಳೋದ್ರಲ್ಲಿ ತಪ್ಪೇನಿಲ್ಲ. ನಾವೂ ಕೊಳ್ಳೋವಾಗ ಇಳಿಸಿಯೇ ಕೇಳ್ಬೇಕು.

ಸೀಸನ್ ಅಂತ ಒಂದಿದೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಯಾರೂ ಗಾಡಿ ತಗೊಳಲ್ಲ, ಮಾರೋರಿಗೆ ಮಾತ್ರ ದುಡ್ಡಿನ ಅಗತ್ಯ ಆಗ್ಲೂ ಇರುತ್ತೆ, ಜೂನ್‌ನಲ್ಲಿ ಸ್ಕೂಲ್ ಫೀಸ್ ಕಟ್ಟಿ ಕೈ ಖಾಲಿಯಾಗಿರುತ್ತೆ. ನಾನು ಆಷಾಢದಲ್ಲಿ ಕೊಂಡು, ಕೆಲಸ ಮಾಡ್ಸಿ, ಶ್ರಾವಣಕ್ಕೆ ರೆಡಿ ಇಡ್ತೀನಿ. ಆಯುಧ ಪೂಜೆ ಹಿಂದಿನ ಎರಡು ವಾರ ಫೋನ್ ಬಿಡುವಿರಲ್ಲ. ನಂಬರ್ ಕೂಡಿದ್ರೆ 8 ಬರೋ ಗಾಡಿ ಎಷ್ಟೇ ಚೆನ್ನಾಗಿದ್ರೂ ತಿಂಗಳುಗಟ್ಲೆ ನಿಲ್ಲುತ್ತೆ, 9 ಬಂದ್ರೆ ಐದು ಸಾವಿರ ಜಾಸ್ತಿನೇ ಕೊಡ್ತಾರೆ. ಡೆಲಿವರಿ ದಿನ ರಾಹುಕಾಲ ಬಿಟ್ಟು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಅಲ್ಲಿಂದ ಸೀದಾ ಗೊರವನಹಳ್ಳಿಗೋ ಸಿದ್ಧಗಂಗೆಗೋ. ಆ ಹೊತ್ತಲ್ಲಿ ಆ ಮನೆಯ ಮಕ್ಕಳು ಹಿಂದಿನ ಸೀಟಲ್ಲಿ ಕಿಟಕಿಗೆ ಜಗಳ ಆಡೋದನ್ನ ನೋಡೋಕೆ ನನಗೆ ಬಹಳ ಇಷ್ಟ.

ಗಾಡಿ ಕೊಡೋವಾಗ ನಾನು ಒಂದು ಹಾಳೆ ಬರೆದು ಕೊಡ್ತೀನಿ. ಗಾಡಿಯಲ್ಲಿ ಏನೇನು ತೊಂದ್ರೆ ಇದೆ, ಏನು ಮಾಡ್ಸಿದೀನಿ ಬಿಲ್ ಸಮೇತ, ಏನು ಮಾಡ್ಸಿಲ್ಲ, ಆರು ತಿಂಗಳಲ್ಲಿ ಏನು ಖರ್ಚು ಬರ್ಬೋದು ಅಂತ. ಎಸಿ ಕೂಲಿಂಗ್ ಕಮ್ಮಿ, ಎಡಗಡೆ ಲಿಂಕ್ ರಾಡ್ ಸೌಂಡ್ ಶುರುವಾಗಿದೆ, ಹಿಂದಿನ ಬಾಗಿಲು ಬಣ್ಣ ಹೊಡೆದಿದ್ದು, ಮೀಟರ್ ರೀಡಿಂಗ್ ನಂಬೋ ಹಾಗಿಲ್ಲ, ಎಫ್‌ಸಿ ಮುಂದಿನ ವರ್ಷದ ಮಾರ್ಚಿಗೆ. ಇಬ್ಬರೂ ಸೈನ್ ಹಾಕ್ತೀವಿ. ಸೀರೆ ಮಾರೋ ಆ ಅಕ್ಕ ಹಾಳೆ ಓದಿ, "ಇಷ್ಟೆಲ್ಲಾ ಬರ್ದಿದೀಯಲ್ಲಪ್ಪ, ನಿಂಗೆ ಮಾರೋ ಇಷ್ಟ ಇಲ್ವಾ?" ಅಂದ್ರು. ಅದನ್ನ ಮಡಚಿ ಚೀಲದಲ್ಲಿಟ್ಕೊಂಡು ಬೇರೆ ಕಡೆ ನಾಲ್ಕು ಗಾಡಿ ನೋಡ್ಕೊಂಡು, ಎಲ್ಲಾ ಕಡೆನೂ "ನೀವೂ ಹಿಂಗೆ ಬರ್ಕೊಡಿ" ಅಂತ ಕೇಳಿದ್ರಂತೆ, ಯಾರೂ ಕೊಡ್ಲಿಲ್ಲ. ವಾಪಸ್ ಬಂದು ತಗೊಂಡ್ರು. ಹಾಳೆ ನೋಡಿ ಬೇಡ ಅಂತ ಎದ್ದು ಹೋದೋರೂ ಇದಾರೆ, ಅವರಿಗೂ ನನ್ನ ಮೇಲೆ ಬೇಜಾರಿಲ್ಲ, ಅವರಲ್ಲಿ ಕೆಲವರು ಬೇರೆ ಕಡೆ ಗಾಡಿ ನೋಡೋಕೆ ಹೋಗೋವಾಗ ಒಂದ್ಸಲ ಬಂದು ನೋಡಿ ಅಣ್ಣ ಅಂತ ಕರೀತಾರೆ.

ಒಂದು ಗಾಡಿ ಹೋಗೋ ತನಕ ಇನ್ನೊಂದು ಕೊಳ್ಳಲ್ಲ, ಬಡ್ಡಿಗೆ ದುಡ್ಡು ತಂದು ಗಾಡಿ ಕೊಳ್ಳಲ್ಲ, ಇವೆರಡು ನಮ್ಮ ಮನೇಲಿ ಕೂತು ಮಾತಾಡ್ಕೊಂಡಿರೋದು. ಬಡ್ಡಿ ಓಡ್ತಾ ಇದ್ರೆ ಮನುಷ್ಯನಿಗೆ ಬೇಗ ಮಾರೋ ಒತ್ತಡ ಬರುತ್ತೆ, ಆಗ ಹಾಳೆಯಲ್ಲಿ ಬರೆಯೋ ಸಾಲು ಕಮ್ಮಿ ಆಗ್ತಾ ಹೋಗ್ತವೆ. ಕಂಪನಿ ಸಂಬಳ ಇರೋದ್ರಿಂದ್ಲೇ ನನಗೆ ಕಾಯೋಕೆ ಆಗ್ತಿರೋದು, ಹಾಗಾಗಿ ಕೆಲಸ ಬಿಟ್ಟು ಫುಲ್ ಟೈಮ್ ಮಾಡು ಅನ್ನೋರ ಮಾತು ನಾನು ಕೇಳಲ್ಲ.

ಈಗ ಕೊರಟಗೆರೆ ಕಡೆ ಒಂದು 2013ರ ವ್ಯಾಗನ್‌ಆರ್ ನೋಡಿ ಬಂದಿದೀನಿ. ಸೆಕೆಂಡ್ ಓನರ್, ಎಂಜಿನ್ ಬಹಳ ಚೆನ್ನಾಗಿದೆ, ಭಾಯ್‌ಗೂ ಒಪ್ಪಿಗೆ ಆಗಿದೆ, ಆದ್ರೆ ಆರ್‌ಸಿಯಲ್ಲಿ ಎಚ್‌ಪಿ ಹಾಗೇ ಇದೆ. ಫೈನಾನ್ಸ್ ಎನ್‌ಒಸಿಗೆ ಅವರು ಅರ್ಜಿ ಕೊಟ್ಟಿದಾರೆ. ಡಯಾಲಿಸಿಸ್‌ಗೆ ಅಪ್ಪನ್ನ ಕರ್ಕೊಂಡು ಹೋಗೋ ಹುಡುಗನಿಗೆ ಫೋಟೋ ಕಳ್ಸಿದ್ದೆ, ಸೀಟ್ ಎತ್ತರ ಇದೆ, ಅಪ್ಪನಿಗೆ ಹತ್ತಿ ಇಳಿಯೋಕೆ ಸುಲಭ ಅಂತ ಅವನಿಗೆ ಬಹಳ ಹಿಡಿಸಿದೆ, ದಿನಾ ಸಂಜೆ ಫೋನ್ ಮಾಡಿ ಪೇಪರ್ ಬಂತಾ ಅಣ್ಣ ಅಂತ ಕೇಳ್ತಾನೆ. ಟೋಕನ್ ಅಡ್ವಾನ್ಸ್ ಕೊಡ್ತೀನಿ ಅಂದ, ಎಚ್‌ಪಿ ಕ್ಯಾನ್ಸಲ್ ಆಗ್ಲಿ, ಆಮೇಲೆ ತಗೋತೀನಿ ಅಂದಿದೀನಿ.